65 ದಾಟಿದ ಅಮ್ಮನಿಗೆ ಅಮೆರಿಕದ ಪೌರತ್ವ ಪರೀಕ್ಷೆ ಕನ್ನಡದಲ್ಲೇ ಆಗುತ್ತದೆಯೇ?

ಪ್ರಶ್ನೆ: ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ನನಗೆ ಪೌರತ್ವ ಬಂದ ಮೇಲೆ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿದೆ. 2020ರ ಫೆಬ್ರವರಿಯಲ್ಲಿ ಬಂತು. ಅಮ್ಮನಿಗೆ ಈಗ 67. ಊರಿನಲ್ಲಿ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾರೆ, ಮಾತಾಡಲು ಹೆದರುತ್ತಾರೆ. 2025ರ ನವೆಂಬರ್‌ನಲ್ಲಿ ಪೌರತ್ವಕ್ಕೆ ಎನ್-400 ಅರ್ಜಿ ಹಾಕಿದೆವು; ಇಂಟರ್‌ವ್ಯೂ ಪತ್ರ ಬಂದಿದೆ, ಇನ್ನು ಆರು ವಾರ ಇದೆ. 65 ದಾಟಿದವರು ದುಭಾಷಿ ಕರೆದುಕೊಂಡು ಹೋಗಿ ಕನ್ನಡದಲ್ಲೇ ಉತ್ತರಿಸಬಹುದು, ಇಪ್ಪತ್ತೇ ಪ್ರಶ್ನೆ ಓದಿದರೆ ಸಾಕು ಎನ್ನುತ್ತಾರೆ ಗೆಳೆಯರು. ಇನ್ನೊಬ್ಬರು, ಡಾಕ್ಟರ್ ಪತ್ರ ತಂದರೆ ಪರೀಕ್ಷೆಯೇ ಇರುವುದಿಲ್ಲ ಎಂದರು. 2021ರ ಡಿಸೆಂಬರ್‌ನಿಂದ 2022ರ ಜುಲೈವರೆಗೆ ತಂಗಿಯ ಬಾಣಂತನಕ್ಕೆಂದು ಅಮ್ಮ ಹಾಸನದಲ್ಲಿದ್ದರು. ಸಕಲೇಶಪುರದ ಕಡೆ ಅವರ ಹೆಸರಿನಲ್ಲಿ ಒಂದೂವರೆ ಎಕರೆ ಕಾಫಿ ತೋಟ ಇದೆ. ಪೌರತ್ವ ಬಂದರೆ ಅದು ಕೈಬಿಡುತ್ತದೆಯೇ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ತಾಯಿಯವರ ಇಂಟರ್‌ವ್ಯೂ ಇಂಗ್ಲಿಷಿನಲ್ಲೇ ನಡೆಯುತ್ತದೆ. ಗೆಳೆಯರು ಹೇಳಿದ ರಿಯಾಯಿತಿ ನಿಜ, ಆದರೆ ಅದರ ಅರ್ಧ ಭಾಗ ಮಾತ್ರ ನಿಮ್ಮ ಕಿವಿಗೆ ಬಿದ್ದಿದೆ. ವಯಸ್ಸಿನ ಜೊತೆಗೆ ಗ್ರೀನ್ ಕಾರ್ಡಿನ ವರ್ಷಗಳೂ ಕೂಡಿ ಬರಬೇಕು. ಅರ್ಜಿ ಹಾಕುವ ದಿನಕ್ಕೆ 50 ವರ್ಷ ತುಂಬಿ ಗ್ರೀನ್ ಕಾರ್ಡಿಗೆ 20 ವರ್ಷ ಆಗಿದ್ದರೆ, ಅಥವಾ 55 ತುಂಬಿ 15 ವರ್ಷ ಆಗಿದ್ದರೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಅಂಥವರು ದುಭಾಷಿಯನ್ನು ಕರೆದುಕೊಂಡು ಹೋಗಿ ಅಮೆರಿಕದ ಇತಿಹಾಸ, ಸರ್ಕಾರದ ಪ್ರಶ್ನೆಗಳಿಗೆ ತಮ್ಮ ಭಾಷೆಯಲ್ಲೇ ಉತ್ತರಿಸಬಹುದು. 65 ತುಂಬಿ 20 ವರ್ಷ ಆಗಿದ್ದರೆ ಆ ಪ್ರಶ್ನೆಗಳೂ ಕಡಿಮೆ: ಗುರುತು ಹಾಕಿಟ್ಟ 20 ಪ್ರಶ್ನೆಗಳಲ್ಲಿ 10 ಕೇಳುತ್ತಾರೆ, 6 ಸರಿ ಇದ್ದರೆ ಸಾಕು. ನಿಮ್ಮ ತಾಯಿಗೆ ವಯಸ್ಸು ಇದೆ, ವರ್ಷಗಳಿಲ್ಲ. ಅರ್ಜಿ ಹಾಕಿದಾಗ ಕಾರ್ಡಿಗೆ ಆರು ವರ್ಷವೂ ತುಂಬಿರಲಿಲ್ಲ. ಮಕ್ಕಳ ಮೂಲಕ ಬಂದ ತಂದೆತಾಯಂದಿರಲ್ಲಿ ಹೆಚ್ಚಿನವರ ಸ್ಥಿತಿ ಇದೇ. ಆದರೂ ‘65 ಆದರೆ ಕನ್ನಡ’ ಎಂಬ ಮಾತು ಬಾಯಿಂದ ಬಾಯಿಗೆ ಹರಡುತ್ತಲೇ ಇರುತ್ತದೆ. ಅದನ್ನು ನಂಬಿ ದುಭಾಷಿಯ ಜೊತೆ ಹೋದರೆ ಅಧಿಕಾರಿ ದುಭಾಷಿಯನ್ನು ಹೊರಗೆ ಕೂರಿಸುತ್ತಾರೆ, ತಯಾರಿಯಿಲ್ಲದ ಹಿರಿಯರು ಒಳಗೆ ಒಬ್ಬರೇ ಉಳಿಯುತ್ತಾರೆ.

ಡಾಕ್ಟರ್ ಪತ್ರ ಎಂದರೆ ಎನ್-648 ಎಂಬ ಫಾರ್ಮು. ಇಂಗ್ಲಿಷನ್ನಾಗಲಿ, ಆ ಪ್ರಶ್ನೆಗಳನ್ನಾಗಲಿ ಕಲಿಯಲಾಗದಂತೆ ಮಾಡುವ ದೈಹಿಕ ಅಥವಾ ಮಾನಸಿಕ ಕಾಯಿಲೆ ಇರಬೇಕು. ಅದು 12 ತಿಂಗಳು ಇದ್ದಿರಬೇಕು ಅಥವಾ ಇರುವಂಥದ್ದಾಗಿರಬೇಕು. ಆ ಕಾಯಿಲೆ ಕಲಿಕೆಯನ್ನು ಹೇಗೆ ತಡೆಯುತ್ತದೆ ಎಂದು ವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಬಿಡಿಸಿ ಬರೆದು ಸಹಿ ಮಾಡಬೇಕು. ಮರೆವಿನ ರೋಗ, ಪಾರ್ಶ್ವವಾಯುವಿನ ನಂತರದ ತೊಂದರೆ ಇಂಥವಕ್ಕೆ ಇದು ನ್ಯಾಯವಾದ ದಾರಿ. ವಯಸ್ಸಾಗಿದೆ, ಓದು ಕಡಿಮೆ, ಹೆದರಿಕೆ ಎಂಬ ಕಾರಣಗಳಿಗೆ ಇದು ಸಲ್ಲುವುದಿಲ್ಲ. ತಾಯಿಗೆ ಅಂಥ ಕಾಯಿಲೆ ಇಲ್ಲದಿದ್ದರೆ ಆ ಕಡೆ ತಲೆ ಹಾಕಲೇಬೇಡಿ. ಸುಳ್ಳು ಪತ್ರ ಸಿಕ್ಕಿಬಿದ್ದರೆ ಪೌರತ್ವದ ಜೊತೆ ಗ್ರೀನ್ ಕಾರ್ಡಿಗೂ ಕುತ್ತು.

ಈಗ ಯಾವ ಪರೀಕ್ಷೆ ಎಂಬ ವಿಷಯ. ನೀವು ಪೌರತ್ವ ಪಡೆದಾಗ 100 ಪ್ರಶ್ನೆಗಳ ಪಟ್ಟಿಯಿಂದ 10 ಕೇಳಿರುತ್ತಾರೆ, 6 ಸರಿಯಾದರೆ ಪಾಸು. ಮನೆಯಲ್ಲಿರುವ ಆ ಹಳೆಯ ಪುಸ್ತಕವನ್ನು ತಾಯಿಗೆ ಕೊಡಬೇಡಿ. 2025ರ ಅಕ್ಟೋಬರ್ 20 ಅಥವಾ ಆಮೇಲೆ ಅರ್ಜಿ ಹಾಕಿದವರಿಗೆ ಹೊಸ ಪರೀಕ್ಷೆ: 128 ಪ್ರಶ್ನೆಗಳ ಪಟ್ಟಿ, 20ರವರೆಗೆ ಕೇಳುತ್ತಾರೆ, 12 ಸರಿ ಇರಬೇಕು. 12 ಸರಿಯಾದ ಕೂಡಲೇ ನಿಲ್ಲಿಸುತ್ತಾರೆ. 9 ತಪ್ಪಾದರೂ ನಿಲ್ಲಿಸುತ್ತಾರೆ. ಇಂಟರ್‌ವ್ಯೂ ದಿನವಲ್ಲ, ಅರ್ಜಿ ಸಲ್ಲಿಸಿದ ದಿನವೇ ಲೆಕ್ಕ. ನಿಮ್ಮದು ನವೆಂಬರ್ ಆದ್ದರಿಂದ ಹೊಸದೇ.

ಆದರೆ ಆರು ವಾರವನ್ನೆಲ್ಲ ಈ 128 ಪ್ರಶ್ನೆಗಳಿಗೇ ಸುರಿಯಬೇಡಿ. ಮನೆಮಂದಿ ಸಾಮಾನ್ಯವಾಗಿ ಮಾಡುವ ತಪ್ಪು ಇದು. ಪ್ರಶ್ನೆ ಗೊತ್ತಿದೆ, ಉತ್ತರವೂ ಗೊತ್ತಿದೆ, ಹಾಗಾಗಿ ಆ ಭಾಗ ಬಾಯಿಪಾಠಕ್ಕೆ ಬಗ್ಗುತ್ತದೆ. ನಿಮ್ಮ ತಾಯಿಯಂಥವರು ಎಡವುವುದು ಮಾತಿನ ಭಾಗದಲ್ಲಿ. ಮಾತಿಗೆ ಬೇರೆ ಪ್ರಶ್ನೆಪತ್ರಿಕೆ ಇಲ್ಲ. ನೀವು ತುಂಬಿದ ಎನ್-400 ಫಾರ್ಮೇ ಪ್ರಶ್ನೆಪತ್ರಿಕೆ. ಅಧಿಕಾರಿ ಅದನ್ನು ಪುಟ ಪುಟವಾಗಿ ಓದುತ್ತಾ ಹೆಸರು, ವಿಳಾಸ, ಮದುವೆ, ಪ್ರಯಾಣ, ತೆರಿಗೆ, ಆಮೇಲೆ ‘ಹ್ಯಾವ್ ಯು ಎವರ್’ ಎಂದು ಶುರುವಾಗುವ ಉದ್ದನೆಯ ಸಾಲು, ಎಲ್ಲವನ್ನೂ ಕೇಳುತ್ತಾರೆ. ಅದಕ್ಕೆ ಕೊಡುವ ಉತ್ತರದಿಂದಲೇ ಇಂಗ್ಲಿಷ್ ಅರ್ಥವಾಗುತ್ತದೋ ಇಲ್ಲವೋ ಎಂದು ತೀರ್ಮಾನಿಸುತ್ತಾರೆ. ಫಾರ್ಮನ್ನು ನೀವು ರಾತ್ರಿ ಕೂತು ಆನ್‌ಲೈನಿನಲ್ಲಿ ತುಂಬಿರುತ್ತೀರಿ, ತಾಯಿ ಸಹಿಯಷ್ಟೇ ಮಾಡಿರುತ್ತಾರೆ. ಅದರಲ್ಲಿ ಏನಿದೆ ಎಂದು ಅವರಿಗೇ ಗೊತ್ತಿಲ್ಲದಿದ್ದರೆ ಅಲ್ಲಿಗೆ ಕಷ್ಟ ಶುರುವಾಯಿತು. ಇವತ್ತೇ ಅದನ್ನು ಪ್ರಿಂಟ್ ತೆಗೆದು, ಮೊದಲು ಒಂದು ಸಲ ಪೂರ್ತಿ ಕನ್ನಡದಲ್ಲಿ ಅರ್ಥ ಹೇಳಿ. ಯಾವ ಉತ್ತರ ಏಕೆ ಹಾಗೆ ಬರೆದಿದ್ದೀರಿ ಎಂದು ಅವರಿಗೆ ತಿಳಿಯಲಿ. ಇಂಗ್ಲಿಷ್ ಅಭ್ಯಾಸ ಅದಾದ ಮೇಲೆ.

‘ಎವರ್’ ಸಾಲಿನಲ್ಲಿ ದೊಡ್ಡ ದೊಡ್ಡ ಪದಗಳಿವೆ: ಟಾರ್ಚರ್, ಜೆನೊಸೈಡ್, ಪರ್ಸಿಕ್ಯೂಟ್, ಕಮ್ಯುನಿಸ್ಟ್ ಪಾರ್ಟಿ, ಟೋಟಲಿಟೇರಿಯನ್ ಪಾರ್ಟಿ. ಉತ್ತರ ಎಲ್ಲದಕ್ಕೂ ‘ನೋ’ ಎಂದು ಕಲಿಸಿ ಕಳಿಸಿದರೆ ಸಾಲದು. ಕೆಲವು ಅಧಿಕಾರಿಗಳು ‘ನೋ’ ಕೇಳಿದ ಮೇಲೆ ‘ವಾಟ್ ಈಸ್ ಟಾರ್ಚರ್?’ ಎಂದು ತಿರುಗಿ ಕೇಳುತ್ತಾರೆ. ನಿಘಂಟಿನ ಅರ್ಥ ಬೇಕಿಲ್ಲ. ‘ಹರ್ಟ್ ಪೀಪಲ್ ವೆರಿ ಬ್ಯಾಡ್’ ಎಂದರೂ ಅರ್ಥ ಗೊತ್ತಿದೆ ಎಂದಾಯಿತು. ಜೆನೊಸೈಡ್‌ಗೆ ‘ಕಿಲ್ ಮೆನಿ ಪೀಪಲ್ ಆಫ್ ಒನ್ ರಿಲಿಜನ್ ಆರ್ ರೇಸ್’, ಪರ್ಸಿಕ್ಯೂಟ್‌ಗೆ ‘ಟ್ರೀಟ್ ಪೀಪಲ್ ಬ್ಯಾಡ್ಲಿ ಫಾರ್ ದೇರ್ ರಿಲಿಜನ್’. ಇಂಥ ಹದಿನೈದು ಇಪ್ಪತ್ತು ಪದಗಳಿಗೆ ಮೂರು ನಾಲ್ಕು ಮಾತಿನ ಅರ್ಥ ಬರೆದು, ಒಂದೊಂದನ್ನು ಒಂದು ಚೀಟಿಯಲ್ಲಿಟ್ಟು ಅಡುಗೆಮನೆಯ ಕಪಾಟಿಗೆ ಅಂಟಿಸಿ. ಕಣ್ಣಿಗೆ ಬಿದ್ದಾಗಲೆಲ್ಲ ಜೋರಾಗಿ ಓದಲಿ.

ಈ ಸಾಲು ಮುಗಿದ ಕೂಡಲೇ ಒಂದು ತಿರುವು ಬರುತ್ತದೆ. ಇಪ್ಪತ್ತು ಮೂವತ್ತು ಪ್ರಶ್ನೆಗಳಿಗೆ ‘ನೋ, ನೋ’ ಎನ್ನುತ್ತಾ ಬಂದ ನಾಲಿಗೆ, ‘ಡು ಯು ಸಪೋರ್ಟ್ ದ ಕಾನ್‌ಸ್ಟಿಟ್ಯೂಷನ್?’ ಎಂದಾಗಲೂ ‘ನೋ’ ಎಂದುಬಿಡುತ್ತದೆ. ಅಲ್ಲಿಂದ ಮುಂದಿನವೆಲ್ಲ ‘ಯೆಸ್’ ಆಗಬೇಕಾದವು: ಸಂವಿಧಾನಕ್ಕೆ ನಿಷ್ಠೆ, ಪೂರ್ತಿ ಪ್ರಮಾಣ ಸ್ವೀಕರಿಸುವುದು, ಕಾನೂನು ಕೇಳಿದರೆ ಆಯುಧ ಹಿಡಿಯುವುದು, ಸೇನೆಯಲ್ಲಿ ಆಯುಧವಿಲ್ಲದ ಕೆಲಸ, ನಾಗರಿಕ ಸೇವೆ. ಆಯುಧ ಹಿಡಿಯುವುದಕ್ಕೆ ಫಾರ್ಮಿನ ಮಾತು ‘ಬೇರ್ ಆರ್ಮ್ಸ್’. ಬೇರ್ ಎಂದರೆ ಕರಡಿ, ಆರ್ಮ್ಸ್ ಎಂದರೆ ತೋಳು ಎಂದಷ್ಟೇ ಗೊತ್ತಿದ್ದವರಿಗೆ ಈ ಮಾತು ತಲೆಬುಡ ಅರ್ಥವಾಗುವುದಿಲ್ಲ, ಗಾಬರಿಯಲ್ಲಿ ‘ನೋ’ ಬರುತ್ತದೆ. ‘ಯೂಸ್ ಗನ್ ಟು ಪ್ರೊಟೆಕ್ಟ್ ಅಮೆರಿಕ, ಇಫ್ ಲಾ ಸೇಸ್’ ಎಂದು ಬಿಡಿಸಿ ಹೇಳಿಕೊಡಿ. 67ರ ಹೆಂಗಸನ್ನು ಯಾರೂ ಸೈನ್ಯಕ್ಕೆ ಕರೆಯುವುದಿಲ್ಲ, ಕೇಳುತ್ತಿರುವುದು ಸಿದ್ಧರಿದ್ದೀರಾ ಎಂದು ಮಾತ್ರ ಎಂಬುದನ್ನೂ ತಿಳಿಸಿ. ಜೈನರಂತೆ ಅಹಿಂಸೆಯನ್ನು ವ್ರತವಾಗಿ ನಡೆಸುವವರು ಇದಕ್ಕೆ ಪ್ರಾಮಾಣಿಕವಾಗಿ ‘ನೋ’ ಎನ್ನಬಹುದು. ಆಳವಾದ ಧಾರ್ಮಿಕ ಅಥವಾ ನೈತಿಕ ನಂಬಿಕೆ ಎಂದು ವಿವರಿಸಿದರೆ ಆ ಮಾತುಗಳನ್ನು ಬಿಟ್ಟ ಪ್ರಮಾಣವಚನ ಸಿಗುತ್ತದೆ. ಆದರೆ ಅದು ನಂಬಿಕೆಯಿಂದ ಬರಬೇಕು, ಅರ್ಥವಾಗದೆ ಬರಬಾರದು.

ಇನ್ನೊಂದು ಸಣ್ಣದು, ಆದರೆ ಗಮನ ಕೊಡಿ. ನಮ್ಮವರು ‘ಹೂಂ’ ಎನ್ನುತ್ತಾರೆ, ಒಪ್ಪಿಗೆಗೆ ತಲೆಯನ್ನು ಅತ್ತಿತ್ತ ಅಲುಗಿಸುತ್ತಾರೆ. ಅಮೆರಿಕದವರ ಕಣ್ಣಿಗೆ ಅತ್ತಿತ್ತ ಅಲುಗುವ ತಲೆ ‘ಇಲ್ಲ’ ಎಂದಂತೆ. ತಲೆ ಸ್ಥಿರವಾಗಿಟ್ಟು ಬಾಯಿ ಬಿಟ್ಟು ‘ಯೆಸ್’ ಅಥವಾ ‘ನೋ’ ಎನ್ನುವುದನ್ನು ಮನೆಯಲ್ಲೇ ರೂಢಿ ಮಾಡಿಸಿ. ಜೊತೆಗೆ ಅರ್ಥವಾಗದಿದ್ದಾಗ ಹೇಳುವ ಮಾತನ್ನೂ ಕಲಿಸಿ. ‘ಪ್ಲೀಸ್ ರಿಪೀಟ್’, ‘ಪ್ಲೀಸ್ ಸ್ಪೀಕ್ ಸ್ಲೋಲಿ’, ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್ ದಿಸ್ ವರ್ಡ್’. ಪ್ರಶ್ನೆಯನ್ನು ಮತ್ತೊಮ್ಮೆ ಹೇಳುವುದು, ಬೇರೆ ಪದಗಳಲ್ಲಿ ಕೇಳುವುದು ಅಧಿಕಾರಿಯ ಕರ್ತವ್ಯದಲ್ಲೇ ಸೇರಿದೆ. ಒಂದೆರಡು ಸಲ ಕೇಳಿದರೆ ಫೇಲಾಗುವುದಿಲ್ಲ. ಅರ್ಥವಾಗದ ಪ್ರಶ್ನೆಗೆ ಮರ್ಯಾದೆಗೆಂದು ‘ಯೆಸ್’ ಎನ್ನುವುದು ಮಾತ್ರ ಅಪಾಯ. ‘ಹ್ಯಾವ್ ಯು ಎವರ್ ಬೀನ್ ಅರೆಸ್ಟೆಡ್’ಗೆ ಹಾಗೆ ಬಿದ್ದ ಒಂದು ‘ಯೆಸ್’ ಅನ್ನು ಬಿಡಿಸಿಕೊಳ್ಳಲು ಅರ್ಧ ಗಂಟೆ ಬೇಕಾಗುತ್ತದೆ.

ಓದು, ಬರಹದ ಬಗ್ಗೆ ಹೆಚ್ಚು ಹೆದರಬೇಡಿ. ಮೂರು ವಾಕ್ಯ ಕೊಡುತ್ತಾರೆ, ಒಂದನ್ನು ಸರಿಯಾಗಿ ಓದಿದರೆ ಪಾಸು. ಮೂರು ವಾಕ್ಯ ಹೇಳುತ್ತಾರೆ, ಒಂದನ್ನು ಸರಿಯಾಗಿ ಬರೆದರೆ ಪಾಸು. ಎರಡಕ್ಕೂ ಅಮೆರಿಕದ ವಲಸೆ, ಪೌರತ್ವ ನೋಡಿಕೊಳ್ಳುವ ಯುಎಸ್‌ಸಿಐಎಸ್ ಇಲಾಖೆ ಪದಗಳ ಪಟ್ಟಿಯನ್ನು ಬಿಟ್ಟಿಯಾಗಿ ಕೊಡುತ್ತದೆ, ವಾಕ್ಯಗಳು ಆ ಪಟ್ಟಿಯ ಪದಗಳಿಂದಲೇ ಆದವು. ಲಿಂಕನ್, ವಾಷಿಂಗ್ಟನ್, ಕಾಂಗ್ರೆಸ್, ಸಿಟಿಜನ್ಸ್, ಲೇಬರ್ ಡೇ, ಥ್ಯಾಂಕ್ಸ್‌ಗಿವಿಂಗ್, ಬಣ್ಣಗಳು, ಕೆಲವು ತಿಂಗಳು, ಇಷ್ಟೇ. ‘ದ ಪ್ರೆಸಿಡೆಂಟ್ ಲಿವ್ಸ್ ಇನ್ ದ ವೈಟ್ ಹೌಸ್’ ಎಂಬ ಮಟ್ಟದವು. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಇಲ್ಲಿನ ತೊಡಕು ಒಂದೇ ರೀತಿಯದು: ನಾವು ನುಡಿದಂತೆ ಬರೆಯುವವರು. ವೈಟ್‌ನಲ್ಲಿ ಒಂದು ಎಚ್ ಏಕೆ, ರೈಟ್‌ನಲ್ಲಿ ಜಿಎಚ್ ಏಕೆ, ಫೆಬ್ರವರಿಯಲ್ಲಿ ನಡುವೆ ಬರುವ ಆರ್ ಎಲ್ಲಿಂದ ಎಂದು ಕೈ ನಿಲ್ಲುತ್ತದೆ. ಓದುವಾಗ ಲಿವ್ಸ್ ಅನ್ನು ಲೈವ್ಸ್ ಎನ್ನುತ್ತಾರೆ. ಇಂಥ ಹತ್ತು ಹನ್ನೆರಡು ಪದಗಳನ್ನು ಬೇರೆ ಮಾಡಿ ದಿನಕ್ಕೆ ಐದು ಸಲ ಬರೆಸಿ, ಉಳಿದವು ತಾವಾಗಿ ಬರುತ್ತವೆ. ಅರ್ಥ ಕೆಡದಿದ್ದರೆ ಸ್ಪೆಲಿಂಗ್, ದೊಡ್ಡಕ್ಷರ, ಚುಕ್ಕೆಗಳ ತಪ್ಪಿಗೆ ಫೇಲು ಮಾಡುವುದಿಲ್ಲ. ಆದರೆ ಹೇಳಿದ ಪದವನ್ನು ಚಿಕ್ಕದು ಮಾಡಿ ಬರೆಯಬಾರದು. ‘ಯುನೈಟೆಡ್ ಸ್ಟೇಟ್ಸ್’ ಎಂದು ಹೇಳಿದರೆ ಪೂರ್ತಿ ಬರೆಯಬೇಕು, ಬರೀ ಎರಡು ಅಕ್ಷರ ಬರೆದರೆ ಆ ವಾಕ್ಯ ಹೋಯಿತು. ಬರೆಸುವುದು ಹೆಚ್ಚಾಗಿ ಟ್ಯಾಬ್ಲೆಟ್ ಮೇಲೆ, ಪ್ಲಾಸ್ಟಿಕ್ ಕಡ್ಡಿಯಿಂದ. ನುಣುಪಾದ ಗಾಜಿನ ಮೇಲೆ ಕೈ ಜಾರಿ ಅಕ್ಷರ ಸೊಟ್ಟಗಾಗುತ್ತದೆ. ಮನೆಯಲ್ಲಿ ಟ್ಯಾಬ್ಲೆಟ್ ಇದ್ದರೆ ಕೊನೆಯ ವಾರ ಅದರ ಮೇಲೇ ಬರೆಸಿ. ಓದುವ ಕನ್ನಡಕ ಮರೆಯಲೇಬೇಡಿ.

128 ಪ್ರಶ್ನೆಗಳಿಗೆ ಭಾರತವನ್ನೇ ಆಸರೆ ಮಾಡಿಕೊಳ್ಳಿ, ಬೇಗ ನಾಟುತ್ತದೆ. ಸಂವಿಧಾನದ ಮೊದಲ ಮೂರು ಪದ ‘ವಿ ದ ಪೀಪಲ್’. ಭಾರತದ ಸಂವಿಧಾನದ ಇಂಗ್ಲಿಷ್ ಪೀಠಿಕೆ ಶುರುವಾಗುವುದೂ ಹಾಗೆಯೇ. ಹೌಸ್ ಎಂದರೆ ಲೋಕಸಭೆಯಂತೆ, ಜನಸಂಖ್ಯೆಗೆ ತಕ್ಕಂತೆ ಸದಸ್ಯರು, ಒಟ್ಟು 435, ಎರಡು ವರ್ಷದ ಅವಧಿ. ಸೆನೆಟ್ ಎಂದರೆ ರಾಜ್ಯಗಳ ಸಭೆ; ದೊಡ್ಡ ರಾಜ್ಯ ಸಣ್ಣ ರಾಜ್ಯ ಎನ್ನದೆ ತಲಾ ಇಬ್ಬರು, ಒಟ್ಟು 100, ಆರು ವರ್ಷ. ಗವರ್ನರ್ ಎಂಬ ಪದ ಮಾತ್ರ ದಾರಿ ತಪ್ಪಿಸುತ್ತದೆ. ನಮ್ಮ ರಾಜ್ಯಪಾಲರು ದೆಹಲಿಯಿಂದ ನೇಮಕವಾದವರು. ಇಲ್ಲಿನ ಗವರ್ನರ್ ಜನ ಆರಿಸಿದವರು, ಕೆಲಸದಲ್ಲಿ ಮುಖ್ಯಮಂತ್ರಿಯಂತೆ. ಪ್ರೆಸಿಡೆಂಟ್ ಕೂಡ ನಮ್ಮ ರಾಷ್ಟ್ರಪತಿಗಳಂತಲ್ಲ, ಆಡಳಿತ ನಡೆಸುವವರೇ ಅವರು. ಸ್ವಾತಂತ್ರ್ಯ ದಿನ ಎಂದ ಕೂಡಲೇ ಬಾಯಿಗೆ ಆಗಸ್ಟ್ 15 ಬರುತ್ತದೆ. ಜುಲೈ 4, 1776 ಎಂದು ನಾಲಿಗೆಗೆ ಕೂರಿಸಬೇಕು. ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊ. ಹೊಸ ಪಟ್ಟಿಯಲ್ಲಿ ಮೊದಲಿನ 13 ರಾಜ್ಯಗಳಲ್ಲಿ ಐದರ ಹೆಸರು ಕೇಳುತ್ತಾರೆ (ಹಳೆಯದರಲ್ಲಿ ಮೂರು ಸಾಕಿತ್ತು). ನ್ಯೂಯಾರ್ಕ್, ನ್ಯೂಜೆರ್ಸಿ, ವರ್ಜೀನಿಯಾ, ಮೇರಿಲ್ಯಾಂಡ್, ಜಾರ್ಜಿಯಾ ನಮ್ಮ ನಾಲಿಗೆಗೆ ಸುಲಭ. ಒಂದು ಪ್ರಶ್ನೆಗೆ ಹಲವು ಸರಿ ಉತ್ತರಗಳಿದ್ದರೆ ಎಲ್ಲವನ್ನೂ ಕಲಿಸುವ ಹಟ ಬೇಡ. ತೀರ ಚಿಕ್ಕದನ್ನು ಆರಿಸಿ, ಅದನ್ನೇ ಗಟ್ಟಿ ಮಾಡಿಸಿ. ಗವರ್ನರ್, ಸೆನೆಟರ್, ನಿಮ್ಮ ಕ್ಷೇತ್ರದ ಪ್ರತಿನಿಧಿ, ಸ್ಪೀಕರ್ ಇವರ ಹೆಸರು ಇಂಟರ್‌ವ್ಯೂ ದಿನಕ್ಕೆ ಯಾರಿದ್ದಾರೋ ಅದೇ ಉತ್ತರ. ಹಿಂದಿನ ವಾರ ಒಮ್ಮೆ ನೋಡಿಕೊಳ್ಳಿ.

ಪರೀಕ್ಷೆಗಿಂತ ನನಗೆ ಚಿಂತೆ ಇರುವುದು ನೀವು ಹಗುರವಾಗಿ ಬರೆದ ಎರಡು ಸಂಗತಿಗಳ ಬಗ್ಗೆ.

ಮೊದಲನೆಯದು ಆ ಏಳು ತಿಂಗಳು. ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಐದು ವರ್ಷ ಎಣಿಸುತ್ತಾರೆ, ನಿಮಗೆ ಅದು 2020ರ ನವೆಂಬರ್‌ವರೆಗೆ. ಅದರೊಳಗೆ ಒಂದೇ ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅಮೆರಿಕದ ವಾಸ ಕಡಿದುಹೋಯಿತು ಎಂದು ಕಾನೂನು ಮೊದಲೇ ಊಹಿಸುತ್ತದೆ. ವರ್ಷ ದಾಟಿದ್ದರೆ ಅದು ಬರೀ ಊಹೆಯಲ್ಲ, ಕಡಿದೇ ಹೋಗುತ್ತದೆ. ನಿಮ್ಮದು ಊಹೆಯ ಮಟ್ಟದ್ದು, ದಾಖಲೆ ತೋರಿಸಿ ಅಲ್ಲಗಳೆಯಬಹುದು. ಹೋಗುವಾಗಲೇ ಮರಳುವ ಟಿಕೆಟ್ ಇತ್ತೇ? ಅದರ ಪ್ರತಿ. ಮಗುವಿನ ಜನನ ಪ್ರಮಾಣಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ. ಆ ತಿಂಗಳುಗಳಲ್ಲೂ ತಾಯಿಯ ಇಲ್ಲಿನ ಆರೋಗ್ಯ ವಿಮೆ, ಬ್ಯಾಂಕ್ ಖಾತೆ, ರಾಜ್ಯದ ಗುರುತಿನ ಚೀಟಿ ಚಾಲ್ತಿಯಲ್ಲಿದ್ದುದಕ್ಕೆ ಪುರಾವೆ. ಅವರು ನಿಮ್ಮ ಮನೆಯಲ್ಲೇ ವಾಸ ಎಂಬುದಕ್ಕೆ ನಿಮ್ಮ ಸಹಿಯ ಪತ್ರ, ಮನೆಯ ಕಾಗದ. ಅಲ್ಲಿ ಅವರು ಕೆಲಸಕ್ಕೆ ಸೇರಲಿಲ್ಲ ಎಂಬುದೂ ಲೆಕ್ಕಕ್ಕೆ ಬರುತ್ತದೆ. ತಾಯಿಯ ಬಾಯಿಂದ ಬರಬೇಕಾದ ಉತ್ತರ ಮೂರು ಸಣ್ಣ ವಾಕ್ಯ: ‘ಐ ವೆಂಟ್ ಟು ಹೆಲ್ಪ್ ಮೈ ಡಾಟರ್. ಶಿ ಹ್ಯಾಡ್ ಎ ಬೇಬಿ. ಮೈ ಹೋಮ್ ಈಸ್ ಹಿಯರ್ ವಿತ್ ಮೈ ಸನ್.’

ಐದು ವರ್ಷದ ಎಲ್ಲ ಪ್ರಯಾಣದ ತಾರೀಖುಗಳನ್ನೂ ಪಾಸ್‌ಪೋರ್ಟಿನ ಸೀಲು ನೋಡಿ ಮತ್ತೊಮ್ಮೆ ತಾಳೆ ಹಾಕಿ. ಬೆಂಗಳೂರಿನ ಇಮಿಗ್ರೇಷನ್ ಸೀಲಿನ ತಾರೀಖು ಅಮೆರಿಕ ಬಿಟ್ಟ ದಿನಕ್ಕಿಂತ ಒಂದೆರಡು ದಿನ ಮುಂದಿರುತ್ತದೆ. ಫಾರ್ಮಿಗೆ ಬೇಕಾದದ್ದು ಅಮೆರಿಕ ಬಿಟ್ಟ ದಿನ ಮತ್ತು ಅಮೆರಿಕಕ್ಕೆ ಮರಳಿದ ದಿನ. ಆ ಎರಡೂ ದಿನಗಳು ಇಲ್ಲೇ ಇದ್ದ ದಿನಗಳೆಂದು ಎಣಿಕೆಯಾಗುತ್ತವೆ. ಒಟ್ಟು ಐದು ವರ್ಷದಲ್ಲಿ 30 ತಿಂಗಳು ಇಲ್ಲಿ ಇದ್ದಿರಬೇಕೆಂಬ ಲೆಕ್ಕ ಬೇರೆ, ಅದನ್ನೂ ಕೂಡಿಸಿ ನೋಡಿ. ಅಧಿಕಾರಿ ಒಪ್ಪದೆ ಅರ್ಜಿ ತಳ್ಳಿದರೂ ಬಾಗಿಲು ಮುಚ್ಚುವುದಿಲ್ಲ. ಮರಳಿದ ದಿನದಿಂದ 4 ವರ್ಷ 6 ತಿಂಗಳು ದಾಟಿದ ಮೇಲೆ, ಅಂದರೆ 2027ರ ಜನವರಿ ಕಳೆದ ಮೇಲೆ, ಹಾಕುವ ಹೊಸ ಅರ್ಜಿಯ ಐದು ವರ್ಷದೊಳಗೆ ಆ ಗೈರುಹಾಜರಿಯ ಆರು ತಿಂಗಳಿಗಿಂತ ಕಡಿಮೆ ಭಾಗ ಮಾತ್ರ ಬೀಳುತ್ತದೆ, ಆ ಊಹೆಯೇ ಏಳುವುದಿಲ್ಲ.

ಎರಡನೆಯದು ಕಾಫಿ ತೋಟ. ಜಮೀನಿನ ಭಯಕ್ಕಿಂತ ಮೊದಲು ತೆರಿಗೆ ನೋಡಿ. ಗ್ರೀನ್ ಕಾರ್ಡ್ ಬಂದ ದಿನದಿಂದ ಪ್ರಪಂಚದ ಯಾವ ಮೂಲೆಯ ಆದಾಯವನ್ನೂ ಅಮೆರಿಕಕ್ಕೆ ತೋರಿಸಬೇಕು. ಭಾರತದಲ್ಲಿ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಎಂಬುದು ಇಲ್ಲಿ ನಡೆಯುವುದಿಲ್ಲ. ತೋಟವನ್ನು ತಾಯಿಯ ಪರವಾಗಿ ನೀವೇ ನಡೆಸುತ್ತಿದ್ದು ವರ್ಷದ ಲಾಭ 400 ಡಾಲರ್ ಮುಟ್ಟಿದರೂ ರಿಟರ್ನ್ ಹಾಕಬೇಕಾಗಬಹುದು. ಗುತ್ತಿಗೆಗೆ ಕೊಟ್ಟಿದ್ದರೆ ಅದು ಬಾಡಿಗೆ, ಆಗ ಮಿತಿ ಬೇರೆ. 2024ರ ಸಾಲಿಗೆ 65 ದಾಟಿದ ಒಂಟಿ ವ್ಯಕ್ತಿಗೆ ಒಟ್ಟು ಆದಾಯ 16,550 ಡಾಲರ್. ನೀವು ತಾಯಿಯನ್ನು ನಿಮ್ಮ ರಿಟರ್ನಿನಲ್ಲಿ ಅವಲಂಬಿತರೆಂದು ತೋರಿಸಿದ್ದರೆ ಅದಕ್ಕೂ ಒಂದು ಮಿತಿ ಇದೆ, 2024ಕ್ಕೆ 5,050 ಡಾಲರ್. ಊರಿನ ಬ್ಯಾಂಕು, ಸೊಸೈಟಿಯ ಖಾತೆಗಳೆಲ್ಲ ಸೇರಿ ವರ್ಷದ ಯಾವುದಾದರೂ ದಿನ 10,000 ಡಾಲರ್ ದಾಟಿದ್ದರೆ ಹೊರದೇಶದ ಖಾತೆಗಳನ್ನು ತಿಳಿಸುವ ಎಫ್‌ಬಾರ್ ವರದಿ ಬೇರೆ. ಎನ್-400ರಲ್ಲಿ ಹಾಕಬೇಕಾದ ತೆರಿಗೆ ರಿಟರ್ನ್ ಹಾಕದೇ ಬಿಟ್ಟಿದ್ದೀರಾ, ಬಾಕಿ ಇದೆಯೇ ಎಂಬ ಪ್ರಶ್ನೆಗಳಿವೆ. ನೀವು ‘ಇಲ್ಲ’ ಎಂದು ತುಂಬಿದ್ದು, ತಾಯಿ ಪ್ರಮಾಣ ಮಾಡಿ ಅದನ್ನೇ ಹೇಳಿ, ಆಮೇಲೆ ಅದು ತಪ್ಪೆಂದು ತಿಳಿದರೆ ಕಾಫಿಯ ಸಣ್ಣ ಲಾಭಕ್ಕಿಂತ ಸುಳ್ಳು ಹೇಳಿಕೆ ದೊಡ್ಡದಾಗುತ್ತದೆ. ಈ ವಾರವೇ ಎರಡೂ ದೇಶದ ಲೆಕ್ಕ ಬಲ್ಲ ಸಿಪಿಎ (ಅಮೆರಿಕದ ಲೆಕ್ಕಪರಿಶೋಧಕ) ಒಬ್ಬರನ್ನು ಕಾಣಿ. ಬಾಕಿ ರಿಟರ್ನ್ ಇದ್ದರೆ ಇಂಟರ್‌ವ್ಯೂಗೆ ಮುಂಚೆ ಹಾಕಿ, ಅದರ ಪ್ರತಿ ಒಯ್ದು, ಆ ಪ್ರಶ್ನೆ ಬಂದಾಗ ತಾಯಿಯೇ ತಿದ್ದುಪಡಿ ಹೇಳಲಿ. ಫಾರ್ಮಿನ ತಪ್ಪನ್ನು ಇಂಟರ್‌ವ್ಯೂನಲ್ಲಿ ಸರಿಪಡಿಸಲು ಅವಕಾಶ ಇದೆ. ಅಧಿಕಾರಿ ಬದಲಾಯಿಸಿ ಕೊನೆಗೆ ಮತ್ತೆ ಸಹಿ ಹಾಕಿಸಿಕೊಳ್ಳುತ್ತಾರೆ.

ಹೆಸರು ಮತ್ತು ಹುಟ್ಟಿದ ದಿನದಲ್ಲೂ ನಮ್ಮವರಿಗೆ ಗೊಂದಲ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿಲ್ಲದೆ ಒಂದೇ ಹೆಸರಿದ್ದವರ ಗ್ರೀನ್ ಕಾರ್ಡಿನಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುತ್ತದೆ. ಎನ್-400ರಲ್ಲೇ ಹೆಸರು ಬದಲಾವಣೆ ಕೇಳಬಹುದು. ಆದರೆ ಅದನ್ನು ಮಂಜೂರು ಮಾಡುವುದು ನ್ಯಾಯಾಲಯ, ಹಾಗಾಗಿ ನ್ಯಾಯಾಧೀಶರ ಮುಂದಿನ ಪ್ರಮಾಣಕ್ಕೆ ಕಾಯಬೇಕು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆಸಿದ ಜೂನ್ 1ರಂಥ ತಾರೀಖು ಕಾರ್ಡಿನಲ್ಲಿದ್ದು, ಬೇರೆ ದಾಖಲೆಯಲ್ಲಿ ಬೇರೆ ತಾರೀಖು ಇದ್ದರೆ ಅದನ್ನು ಮುಚ್ಚಿಡಬೇಡಿ. ಎರಡೂ ಏಕೆ ಎಂದು ಹೇಳಲು ತಾಯಿಗೆ ಗೊತ್ತಿರಲಿ.

ಇಂಟರ್‌ವ್ಯೂ ದಿನ ಪತ್ರ, ಗ್ರೀನ್ ಕಾರ್ಡ್, ಹಳೆಯದು ಹೊಸದು ಎನ್ನದೆ ಎಲ್ಲ ಪಾಸ್‌ಪೋರ್ಟ್, ರಾಜ್ಯದ ಗುರುತಿನ ಚೀಟಿ, ಮೇಲೆ ಹೇಳಿದ ದಾಖಲೆಗಳು ಒಂದೇ ಫೈಲಿನಲ್ಲಿ, ತೆಗೆಯಲು ಸುಲಭವಾಗುವಂತೆ ಇರಲಿ. ನೀವು ಕಾಯುವ ಹಾಲ್‌ವರೆಗೆ ಮಾತ್ರ. ಹೆಸರು ಕೂಗಿದ ಮೇಲೆ ತಾಯಿ ಒಬ್ಬರೇ ಹೋಗಬೇಕು. ಆದ್ದರಿಂದ ಫೈಲಿನಲ್ಲಿ ಯಾವುದು ಎಲ್ಲಿದೆ ಎಂದು ಅವರಿಗೇ ಗೊತ್ತಿರಬೇಕು. ಕನ್ನಡದಲ್ಲಿ ಚೀಟಿ ಅಂಟಿಸಿಡಿ. ಅಧಿಕಾರಿ ಬಾಗಿಲಿಗೆ ಬಂದು ಕರೆದೊಯ್ಯುವಾಗ ‘ಹೌ ಆರ್ ಯು ಟುಡೇ? ಹೌ ಡಿಡ್ ಯು ಕಮ್ ಹಿಯರ್?’ ಎಂದು ಕೇಳುವುದು ಬರೀ ಸೌಜನ್ಯವಲ್ಲ, ಇಂಗ್ಲಿಷ್ ಕಿವಿಗೆ ಬೀಳುತ್ತಿದೆಯೇ ಎಂದು ಅಲ್ಲಿಂದಲೇ ತಿಳಿಯುತ್ತದೆ. ಒಳಗೆ ಹೋದ ಕೂಡಲೇ ಕುಳಿತುಕೊಳ್ಳಬಾರದು. ನಿಂತು ಬಲಗೈ ಎತ್ತಿ ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಬೇಕು. ‘ರೈಸ್ ಯುವರ್ ರೈಟ್ ಹ್ಯಾಂಡ್’, ‘ಹ್ಯಾವ್ ಎ ಸೀಟ್’ ಎಂಬ ಮಾತುಗಳಿಗೆ ಮೈ ತಾನಾಗಿ ನಡೆಯುವಷ್ಟು ಮನೆಯಲ್ಲಿ ಮಾಡಿಸಿ. ಅಭ್ಯಾಸ ಮಾಡಿಸುವವರು ಯಾವಾಗಲೂ ನೀವೇ ಆಗಬೇಡಿ. ಮಗನ ಇಂಗ್ಲಿಷಿಗೆ ತಾಯಿಯ ಕಿವಿ ಹೊಂದಿಕೊಂಡಿರುತ್ತದೆ. ಅಮೆರಿಕದಲ್ಲೇ ಬೆಳೆದ ಮೊಮ್ಮಕ್ಕಳು, ಪಕ್ಕದ ಮನೆಯವರು, ಊರಿನ ಲೈಬ್ರರಿಯ ತರಗತಿ ಯಾವುದಾದರೂ ಆದೀತು. ಕನ್ನಡ ಕೂಟದಲ್ಲಿ ಇದೇ ತಯಾರಿಯಲ್ಲಿರುವ ಹಿರಿಯರು ಇಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು, ಹೆದರಿಕೆ ಅರ್ಧ ಇಳಿಯುತ್ತದೆ.

ತಯಾರಿ ಸಾಲದು ಎನಿಸಿದರೆ ದಿನಾಂಕ ಮುಂದೂಡಬೇಕೇ? ಬೇಡ. ಮೊದಲ ಸಲ ಯಾವ ಭಾಗ ತಪ್ಪಿತೋ ಆ ಭಾಗಕ್ಕೆ ಮಾತ್ರ 60ರಿಂದ 90 ದಿನದೊಳಗೆ ಇನ್ನೊಂದು ಅವಕಾಶ ಕೊಡುತ್ತಾರೆ, ಅದಕ್ಕೆ ಬೇರೆ ಶುಲ್ಕವಿಲ್ಲ. ಕೊನೆಗೆ ಕೈಗೆ ಕೊಡುವ ಎನ್-652 ಎಂಬ ಹಾಳೆಯಲ್ಲಿ ಯಾವುದು ಪಾಸು, ಯಾವುದು ಬಾಕಿ ಎಂದು ಗುರುತು ಹಾಕಿರುತ್ತಾರೆ. ಪ್ರಯಾಣದ ದಾಖಲೆ ಇನ್ನೂ ಬೇಕೆಂದರೆ ಎನ್-14 ಎಂಬ ಪತ್ರ ಕೊಡುತ್ತಾರೆ, ಅದರಲ್ಲಿರುವ ಗಡುವು ತಪ್ಪಿಸಬೇಡಿ. ಎರಡನೇ ಸಲವೂ ಆಗದಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ. 30 ದಿನದೊಳಗೆ ಎನ್-336 ಹಾಕಿ ಮರುವಿಚಾರಣೆ ಕೇಳಬಹುದು, ಇಲ್ಲವೇ ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬಹುದು. ಪರೀಕ್ಷೆಯಲ್ಲಿ ಫೇಲಾದ ಮಾತ್ರಕ್ಕೆ ಗ್ರೀನ್ ಕಾರ್ಡ್ ಹೋಗುವುದಿಲ್ಲ. ಇದನ್ನು ತಾಯಿಗೆ ಇವತ್ತೇ ಹೇಳಿ, ಒಂದಲ್ಲ ನಾಲ್ಕು ಸಲ ಹೇಳಿ. ಫೇಲಾದರೆ ಊರಿಗೆ ಕಳಿಸಿಬಿಡುತ್ತಾರೆ ಎಂಬ ಭಯವೇ ಹಿರಿಯರ ಬಾಯಿ ಕಟ್ಟಿಸುತ್ತದೆ.

ಪಾಸಾದರೂ ಪ್ರಮಾಣ ಸ್ವೀಕರಿಸುವವರೆಗೆ ಅವರು ಭಾರತದ ಪ್ರಜೆಯೇ. ಪ್ರಮಾಣದ ದಿನ ಗ್ರೀನ್ ಕಾರ್ಡ್ ವಾಪಸ್ ಪಡೆದು ಪೌರತ್ವದ ಪ್ರಮಾಣಪತ್ರ ಕೊಡುತ್ತಾರೆ. ಹೆಸರಿನ ಅಕ್ಷರ, ಹುಟ್ಟಿದ ದಿನ ಅಲ್ಲೇ ನಿಂತು ನೋಡಿ. ಮನೆಗೆ ಬಂದ ಮೇಲೆ ಕಂಡ ತಪ್ಪಿಗೆ ಬೇರೆ ಅರ್ಜಿ, ತಿಂಗಳುಗಟ್ಟಲೆ ಕಾಯುವಿಕೆ. ಪ್ರಮಾಣ ಸ್ವೀಕರಿಸಿದ ಕ್ಷಣದಿಂದ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಭಾರತದ ಪೌರತ್ವ ತಾನಾಗಿ ಕೊನೆಯಾಗುತ್ತದೆ. ಭಾರತದ ಪಾಸ್‌ಪೋರ್ಟಿನಲ್ಲಿ ಆಮೇಲೆ ಒಂದು ಪ್ರಯಾಣವನ್ನೂ ಮಾಡಬಾರದು, ಅದು ಅಪರಾಧ. ಕ್ರಮ ಹೀಗಿರಲಿ: ಮೊದಲು ಅಮೆರಿಕದ ಪಾಸ್‌ಪೋರ್ಟ್, ಆಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್, ಅದಾದ ಮೇಲೆ ಒಸಿಐ (ವಿದೇಶಿ ಪ್ರಜೆಯಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡು). ಪ್ರಮಾಣದ ಹಿಂದೆಮುಂದೆ ಊರಿನಲ್ಲಿ ಮದುವೆ, ಗೃಹಪ್ರವೇಶ ಇದ್ದರೆ ಟಿಕೆಟ್ ಮಾಡಿಸುವ ಮುಂಚೆ ಇದನ್ನೆಲ್ಲ ಲೆಕ್ಕ ಹಾಕಿ. ಊರಿನ ಮತದಾರರ ಪಟ್ಟಿಯಿಂದ ಹೆಸರು ತೆಗೆಸಬೇಕು, ಅದಕ್ಕೆ ಫಾರ್ಮ್ 7.

ತೋಟ ಕೈಬಿಡುವುದಿಲ್ಲ. ಭಾರತದಲ್ಲಿ ವಾಸವಿದ್ದಾಗ ಪಡೆದ ಅಥವಾ ಅಲ್ಲಿನ ವಾಸಿಗಳಿಂದ ಪಿತ್ರಾರ್ಜಿತವಾಗಿ ಬಂದ ಜಮೀನನ್ನು ವಿದೇಶಿ ಪ್ರಜೆಯಾದ ಮೇಲೂ ಇಟ್ಟುಕೊಳ್ಳಬಹುದು. ಒಸಿಐ ಇದ್ದರೂ ಹೊಸದಾಗಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಮಾರುವುದಾದರೆ, ದಾನ ಕೊಡುವುದಾದರೆ ಭಾರತದಲ್ಲೇ ವಾಸವಿರುವ ಭಾರತೀಯ ಪ್ರಜೆಗೆ ಮಾತ್ರ. ಹಾಸನದ ತಂಗಿಗೆ ಬರೆಯಬಹುದು, ಅಮೆರಿಕದ ಪ್ರಜೆಯಾದ ನಿಮಗೆ ದಾನಪತ್ರದಿಂದ ಬರೆಯಲಾಗದು. ಪಹಣಿಯಲ್ಲಿ ತಾಯಿಯ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆ ಇದೆಯೇ ನೋಡಿ. ಮಕ್ಕಳ ನಡುವೆ ಭಾಗ ಮಾಡುವ ಯೋಚನೆ ಇದ್ದರೆ ಪ್ರಮಾಣದ ದಿನಕ್ಕೆ ಮುಂಚೆಯೇ ಸಕಲೇಶಪುರದ ವಕೀಲರೊಬ್ಬರಿಗೆ ಕಾಗದ ತೋರಿಸಿ.